ವೈಫೈಗೆ ಫೋನ್ ಕನೆಕ್ಟ್ ಆಗುತ್ತಿಲ್ಲವೇ? ಮೊದಲು ಪರದೆ ಮೇಲಿನ ಆ ಒಂದು ಸಾಲು ಓದಿ

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮನೆಯ ವೈಫೈಗೆ ಫೋನ್ ಸೇರದಿದ್ದರೆ ಸಾಮಾನ್ಯವಾಗಿ ನಡೆಯುವುದು ಮೂರು ಕೆಲಸ. ರೂಟರ್ ಆಫ್ ಮಾಡಿ ಆನ್ ಮಾಡುವುದು, ಫೋನ್ ರೀಸ್ಟಾರ್ಟ್ ಮಾಡುವುದು, ಎರಡಕ್ಕೂ ಬಗ್ಗದಿದ್ದರೆ ಬಸ್‌ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗೆ ಒಯ್ಯುವುದು. ಅಂಗಡಿಗೆ ಹೋದ ಮೇಲೆ ‘ವೈಫೈ ಐಸಿ ಹೋಗಿರಬಹುದು’ ಎಂಬ ಮಾತು ಬರುತ್ತದೆ; ಐಸಿ ಎಂದರೆ ಫೋನಿನೊಳಗೆ ವೈಫೈ ನಡೆಸುವ ಚಿಪ್. ಐಸಿ ನಿಜವಾಗಿ ಹೋಗಿದೆಯೇ ಎಂದು ಮನೆಯಲ್ಲೇ ಐದು ನಿಮಿಷದಲ್ಲಿ ಗೊತ್ತುಮಾಡಿಕೊಳ್ಳಬಹುದು. ಫೋನ್ ಬಿಚ್ಚಿಸುವ ಮೊದಲು ಆ ಐದು ನಿಮಿಷ ಕೊಡಿ.

ಫೋನ್ ವೈಫೈ ಸೇರುವಾಗ ನಾಲ್ಕು ಹೆಜ್ಜೆ ಇಡುತ್ತದೆ. ರೂಟರ್‌ನ ಹೆಸರು ಅದಕ್ಕೆ ಕಾಣಬೇಕು, ಪಾಸ್‌ವರ್ಡ್ ತಾಳೆಯಾಗಬೇಕು, ರೂಟರ್ ಅದಕ್ಕೊಂದು ಐಪಿ ವಿಳಾಸ (ಮನೆಯ ವೈಫೈ ಒಳಗೆ ಫೋನನ್ನು ಗುರುತಿಸುವ ಸಂಖ್ಯೆ) ಕೊಡಬೇಕು, ಕಡೆಗೆ ರೂಟರ್‌ನಿಂದ ಆಚೆ ಇಂಟರ್‌ನೆಟ್ ಇರಬೇಕು. ಯಾವ ಹೆಜ್ಜೆಯಲ್ಲಿ ಎಡವಿತು ಎಂಬುದನ್ನು ವೈಫೈ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಸಾಲೇ ಹೇಳುತ್ತದೆ. ಪಟ್ಟಿಯಲ್ಲಿ ಹೆಸರೇ ಇಲ್ಲವೆಂದರೆ ಮೊದಲನೆಯದು. ‘ಅಥೆಂಟಿಕೇಷನ್ ಪ್ರಾಬ್ಲಂ’, ‘ಚೆಕ್ ಪಾಸ್‌ವರ್ಡ್’ ಎಂದರೆ, ಅಥವಾ ‘ಸೇವ್ಡ್’ ಎಂದು ತೋರಿಸಿ ಸುಮ್ಮನಾದರೆ, ಹೆಚ್ಚಿನ ಸಲ ಎರಡನೆಯದು. ‘ಅಬ್ಟೈನಿಂಗ್ ಐಪಿ ಅಡ್ರೆಸ್’ ಎಂದು ಸುತ್ತುತ್ತಲೇ ಇದ್ದರೆ ಮೂರನೆಯದು. ‘ಕನೆಕ್ಟೆಡ್, ನೋ ಇಂಟರ್‌ನೆಟ್’ ಬಂದರೆ ನಾಲ್ಕನೆಯದು. ಈ ನಾಲ್ಕಕ್ಕೂ ಮದ್ದು ಬೇರೆಬೇರೆ. ನಾಲ್ಕನೆಯ ಹೆಜ್ಜೆಯ ತೊಂದರೆಗೆ ಪಾಸ್‌ವರ್ಡ್ ಬದಲಿಸುತ್ತ ಕೂತರೆ ದಿನವಿಡೀ ಹಾಳು.

ಇನ್ನೊಂದು ಪರೀಕ್ಷೆಯನ್ನೂ ಮೊದಲೇ ಮುಗಿಸಿಬಿಡಿ. ಮನೆಯ ಬೇರೆ ಫೋನೊಂದನ್ನು ಅದೇ ವೈಫೈಗೆ ಹಾಕಿ ನೋಡಿ. ಆಮೇಲೆ ಆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ತೊಂದರೆಯ ಫೋನನ್ನು ಅದಕ್ಕೆ ಸೇರಿಸಿ. ಹಾಟ್‌ಸ್ಪಾಟ್‌ಗೆ ಸೇರಿತು ಎಂದರೆ ನಿಮ್ಮ ಫೋನಿನ ಐಸಿ ಜೀವಂತವಾಗಿದೆ. ಗಲಾಟೆ ಹೆಚ್ಚಾಗಿ ರೂಟರ್‌ನದು, ಇಲ್ಲವೇ ಇವೆರಡರ ನಡುವಿನ ಹೊಂದಾಣಿಕೆಯದು. ಬೇರೆ ಫೋನೂ ರೂಟರ್‌ಗೆ ಸೇರದಿದ್ದರೆ ನಿಮ್ಮ ಫೋನಿಗೆ ಕೈಹಾಕಲೇಬೇಡಿ.

ಹೆಸರೇ ಕಾಣುತ್ತಿಲ್ಲ

ಈಗ ಮನೆಗೆ ಬರುವ ಫೈಬರ್ ರೂಟರ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ (ರೇಡಿಯೊ ಅಲೆಯ ಪಟ್ಟಿಗಳಲ್ಲಿ) ವೈಫೈ ಬಿಡುತ್ತವೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಅಗ್ಗದ ಹಳೆಯ ಫೋನ್‌ಗಳಲ್ಲಿ 2.4 ಮಾತ್ರ ಇರುತ್ತದೆ. ಅಂಥ ಫೋನಿಗೆ ‘5ಜಿ’ ಎಂದು ಕೊನೆಯಾಗುವ ವೈಫೈ ಹೆಸರು ಯಾವ ಜನ್ಮದಲ್ಲೂ ಕಾಣುವುದಿಲ್ಲ. ಆ ‘5ಜಿ’ಗೂ ಸಿಮ್‌ನ 5ಜಿಗೂ ಸಂಬಂಧವಿಲ್ಲ; ಅದು 5 ಗಿಗಾಹರ್ಟ್ಸ್ ಅಷ್ಟೇ. ಫೋನಿನ ಹಾಟ್‌ಸ್ಪಾಟ್‌ಗೂ ಇದೇ ಮಾತು: ಕೊಡುವ ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಬಿಡುತ್ತಿದ್ದರೆ ಹಳೆಯ ಫೋನಿಗೆ ಕಾಣದು. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ ಒಳಗೆ ಬ್ಯಾಂಡನ್ನು 2.4ಕ್ಕೆ ಇಳಿಸಿ, ಇಲ್ಲವೇ ‘ಎಕ್ಸ್‌ಟೆಂಡ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಐಫೋನ್ 12 ಮತ್ತು ನಂತರದವುಗಳಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿ ಇದೇ ಕೆಲಸಕ್ಕಿರುವುದು.

ನಮ್ಮ ಸೀಮೆಯ ಮನೆಗಳ ವಿಷಯ ಇಲ್ಲಿ ಹೇಳಲೇಬೇಕು. ಕಲ್ಲುಗೋಡೆ, ಚಪ್ಪಡಿ ಕಲ್ಲಿನ ಸೂರು, ನಡುವೆ ಕಲ್ಲುಕಂಬ. ಇಂಥ ಮನೆ ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ಒಂದೂವರೆ ಅಡಿ ದಪ್ಪದ ಕಲ್ಲುಗೋಡೆಯ ಆಚೆ 5 ಗಿಗಾಹರ್ಟ್ಸ್ ಹೋಗಿದ್ದನ್ನು ಲೆಕ್ಕಕ್ಕೇ ಇಡಬೇಡಿ. ಝಿಂಕ್ ಶೀಟ್ ಹೊದಿಸಿದ ರೇಷ್ಮೆ ಮನೆ, ಎಂದರೆ ಹುಳು ಸಾಕುವ ಮನೆ, ಇನ್ನೂ ಕಷ್ಟ. ಲೋಹದ ಶೀಟು ಅಲೆಯನ್ನು ಒಳಗೆ ಬಿಡದೆ ಹಿಂದಕ್ಕೆ ತಳ್ಳುತ್ತದೆ. ಬಾಗಿಲು, ಕಿಟಕಿಯ ಕಡೆಯಿಂದ ನುಸುಳಿದಷ್ಟೇ ಸಿಗುವುದು. ರೂಟರ್ ಟಿವಿ ಹಿಂದೆಯೋ ಬೀರುವಿನ ಮೇಲೋ ಇದ್ದರೆ ಅಲ್ಲಿಂದ ತೆಗೆದು, ಬಾಗಿಲುಗಳು ಒಂದೇ ಸಾಲಿಗೆ ಕಾಣುವ ನಡುಮನೆಯಲ್ಲಿ ಆರಡಿ ಎತ್ತರದಲ್ಲಿ ಇಡಿ. ಎಷ್ಟೋ ಮನೆಗಳಿಗೆ ಅಷ್ಟೇ ಸಾಕು.

ಎಷ್ಟು ಸಿಗ್ನಲ್ ಇದೆ ಎಂಬುದನ್ನು ಗೀಟು ಎಣಿಸಿ ಹೇಳಲಾಗದು. ಆಂಡ್ರಾಯ್ಡ್ ಫೋನಿಗೆ ವೈಫೈಮ್ಯಾನ್‌ನಂಥ ಉಚಿತ ಆ್ಯಪ್ ಹಾಕಿ, ಲೊಕೇಷನ್ ಆನ್ ಇಟ್ಟು ನೋಡಿ. ಮೈನಸ್ ಗುರುತಿನ ಒಂದು ಸಂಖ್ಯೆ ಬರುತ್ತದೆ, ಅದು ಡಿಬಿಎಂ ಎಂಬ ಸಿಗ್ನಲ್ ಅಳತೆಯ ಲೆಕ್ಕ; ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ರೂಟರ್ ಪಕ್ಕ -35, -40 ಇರಬೇಕು. ವಿಡಿಯೊ ಕಾಲ್ ತಡವರಿಸದಿರಲು -67ರ ಆಸುಪಾಸು ಬೇಕು. -80 ದಾಟಿದರೆ ಹೆಸರು ಕಂಡರೂ ಸೇರುವುದು ಕಷ್ಟ. ಈ ಸಂಖ್ಯೆ ಹಿಡಿದುಕೊಂಡು ಮನೆಯೆಲ್ಲ ಒಂದು ಸುತ್ತು ನಡೆದರೆ ಯಾವ ಗೋಡೆ ನುಂಗುತ್ತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಐಫೋನ್‌ನಲ್ಲಿ ಇಂಥ ಆ್ಯಪ್‌ಗಳಿಗೆ ಸುತ್ತಲಿನ ವೈಫೈ ಪಟ್ಟಿ ಸಿಗುವುದಿಲ್ಲ. ಪಕ್ಕದವರ ಆಂಡ್ರಾಯ್ಡ್ ಕೇಳಿ ಪಡೆಯಿರಿ.

ಸಿಗ್ನಲ್ ಚೆನ್ನಾಗಿದ್ದೂ ಒಂದೇ ಫೋನಿಗೆ ಹೆಸರು ಕಾಣದಿದ್ದರೆ ಚಾನೆಲ್ ನೋಡಿ, ಎಂದರೆ ಬ್ಯಾಂಡಿನೊಳಗಿನ ಸಣ್ಣ ಓಣಿ. 2.4ರಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಅಮೆರಿಕದ ಲೆಕ್ಕಕ್ಕೆ ತಯಾರಾದ ಫೋನ್‌ಗಳು 12, 13ನ್ನು ಹುಡುಕದೆ ಇರಬಹುದು. ವಿದೇಶದಿಂದ ತಂದುಕೊಟ್ಟ ಫೋನಿಗೆ ಈ ಕಾಯಿಲೆ. ರೂಟರ್ ಪುಟದಲ್ಲಿ (ಅಲ್ಲಿಗೆ ಹೋಗುವ ದಾರಿ ಮುಂದಿದೆ) ‘ಆಟೋ’ ತೆಗೆದು 1, 6, 11ರಲ್ಲಿ ಒಂದನ್ನು ಹಾಕಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇವೇ ಮೂರು. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನವು ರೇಡಾರ್ ಜೊತೆ ಹಂಚಿಕೊಂಡಿರುವ ಜಾಗ. ಅಲ್ಲಿ ವೈಫೈ ಬಿಡುವ ಮೊದಲು ಹಲವು ರೂಟರ್‌ಗಳು ಕನಿಷ್ಠ 1 ನಿಮಿಷ ಸುಮ್ಮನೆ ಕಿವಿಗೊಟ್ಟು ಕೇಳುತ್ತವೆ. ಕರೆಂಟ್ ಬಂದ ಕೂಡಲೇ 2.4 ಕಂಡು, 5 ಮಾತ್ರ ತಡವಾಗಿ ಬರುವುದಕ್ಕೆ ಇದೊಂದು ಕಾರಣ. 36ರಿಂದ 48 ಅಥವಾ 149ರಿಂದ 161ರೊಳಗೆ ಇಟ್ಟರೆ ಆ ಕಾಯುವಿಕೆ ಇರದು.

ಪಾಸ್‌ವರ್ಡ್ ಸರಿಯಿದೆ, ಆದರೂ ಒಪ್ಪುತ್ತಿಲ್ಲ

ರೂಟರ್ ತಿರುಗಿಸಿ ಅಡಿಯಲ್ಲಿ ಅಂಟಿಸಿರುವ ಚೀಟಿ ನೋಡಿ. ಸೊನ್ನೆಯೂ ‘ಓ’ ಅಕ್ಷರವೂ ಅಲ್ಲಿ ಒಂದೇ ಥರ, ಒಂದು ಎಂಬ ಅಂಕಿಯೂ ಸಣ್ಣ ‘ಎಲ್’ ಅಕ್ಷರವೂ ಒಂದೇ ಥರ, 8 ಮತ್ತು ‘ಬಿ’ ಮಸುಕಾದರೆ ಒಂದೇ ಥರ. ಫೋನಿನ ಕ್ಯಾಮೆರಾದಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಟೈಪ್ ಮಾಡುವಾಗ ಕಣ್ಣಿನ ಗುರುತು ಒತ್ತಿ ಅಕ್ಷರಗಳು ಕಾಣುವಂತೆ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಿಂದ ಕಾಪಿ ಮಾಡಿ ಅಂಟಿಸಿದರೆ ಕೊನೆಯಲ್ಲೊಂದು ಖಾಲಿ ಜಾಗ ಸೇರಿಕೊಳ್ಳಬಹುದು. ಅದೂ ಪಾಸ್‌ವರ್ಡಿನ ಅಕ್ಷರವೇ ಆಗಿ ಲೆಕ್ಕಕ್ಕೆ ಬರುತ್ತದೆ.

ಯಾರೋ ರೂಟರ್‌ನಲ್ಲಿ ಪಾಸ್‌ವರ್ಡ್ ಬದಲಿಸಿದ್ದರೆ ಫೋನ್ ಹಳೆಯದನ್ನೇ ಹಿಡಿದು ತಿಕ್ಕಾಡುತ್ತದೆ. ಹೆಸರನ್ನು ಒತ್ತಿ ‘ಫರ್ಗೆಟ್’ ಕೊಟ್ಟು ಮತ್ತೆ ಸೇರಿಸಿ. ಸುಮಾರು ಕೇಸುಗಳು ಇಲ್ಲಿಗೇ ಮುಗಿಯುತ್ತವೆ.

ಮುಗಿಯದಿದ್ದರೆ ಭದ್ರತೆಯ ವಿಧ ನೋಡಬೇಕು. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ವೈಫೈ ಭದ್ರತೆಯ ವಿಧ ಹಳೆಯ ಫೋನ್‌ಗಳಿಗೆ ಅರ್ಥವಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ 10ನೇ ಆವೃತ್ತಿಯಿಂದ, ಐಫೋನ್‌ನಲ್ಲಿ ಐಒಎಸ್ 13ರಿಂದ ಅದಕ್ಕೆ ಬೆಂಬಲವಿದೆ. ಹೊಸ ರೂಟರ್ ಹಾಕಿಸಿದ ದಿನದಿಂದ ಅಪ್ಪನ ಹಳೆಯ ಫೋನ್ ಮಾತ್ರ ಸೇರುತ್ತಿಲ್ಲ ಎಂದರೆ ನೇರವಾಗಿ ಇಲ್ಲಿಗೆ ಬನ್ನಿ. ಅದೇ ವೈಫೈಗೆ ಸೇರಿರುವ ಫೋನಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೆದರೆ ಸಾಮಾನ್ಯವಾಗಿ ರೂಟರ್ ಪುಟ, ಎಂದರೆ ಅದರ ಸೆಟ್ಟಿಂಗ್ ಬದಲಿಸುವ ಜಾಗ, ತೆರೆಯುತ್ತದೆ. ಅದರ ಲಾಗಿನ್ ಕೂಡ ಅಡಿಯ ಚೀಟಿಯಲ್ಲೇ ಇರುತ್ತದೆ. ಸೆಕ್ಯುರಿಟಿ ಜಾಗದಲ್ಲಿ ‘ಡಬ್ಲ್ಯುಪಿಎ2-ಪಿಎಸ್‌ಕೆ’, ಎನ್‌ಕ್ರಿಪ್ಷನ್ ‘ಎಇಎಸ್’ ಆರಿಸಿ. ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಕ್ಸೆಡ್’ ಕೂಡ ಕೆಲವು ಹಳೆಯ ಫೋನ್‌ಗಳಿಗೆ ಜೀರ್ಣವಾಗದು. ಆಗ ‘ಪಿಎಂಎಫ್’ ಎಂಬ ಭದ್ರತಾ ಸೆಟ್ಟಿಂಗನ್ನು ‘ರಿಕ್ವೈರ್ಡ್’ನಿಂದ ‘ಆಪ್ಷನಲ್’ಗೆ ತನ್ನಿ. ಸೇರಲಿ ಎಂದು ‘ಟಿಕೆಐಪಿ’ ಎಂಬ ಹಳೆಯ ಎನ್‌ಕ್ರಿಪ್ಷನ್‌ಗೆ ಮಾತ್ರ ಇಳಿಯಬೇಡಿ. ಅದು ದುರ್ಬಲ, ಜೊತೆಗೆ ವೇಗ 54 ಎಂಬಿಪಿಎಸ್‌ಗೆ ಕುಸಿಯುತ್ತದೆ.

ಇನ್ನೊಂದು ಗುಪ್ತ ಕಾರಣ ಮ್ಯಾಕ್ ಫಿಲ್ಟರ್. ಮ್ಯಾಕ್ ವಿಳಾಸ ಎಂದರೆ ಪ್ರತಿ ಉಪಕರಣದ ವೈಫೈಗೆ ಇರುವ ಗುರುತಿನ ಸಂಖ್ಯೆ. ಪಕ್ಕದ ಮನೆಯವರು ವೈಫೈ ಬಳಸದಿರಲಿ ಎಂದು ಕೆಲವರು ಮನೆಯ ಫೋನ್‌ಗಳ ಮ್ಯಾಕ್ ವಿಳಾಸ ಮಾತ್ರ ಒಳಗೆ ಬಿಡುವಂತೆ ಇಟ್ಟಿರುತ್ತಾರೆ. ಆದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಪ್ರತಿ ವೈಫೈಗೂ ತಾವೇ ಹೊಸದೊಂದು ಮ್ಯಾಕ್ ವಿಳಾಸ ಕಟ್ಟಿಕೊಂಡು ಹೋಗುತ್ತವೆ. ರೂಟರ್‌ಗೆ ಅದು ಅಪರಿಚಿತ ಮುಖ. ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ಹಾಕುತ್ತದೆ. ವೈಫೈ ಹೆಸರಿನ ಒಳಗೆ ‘ಪ್ರೈವೆಸಿ’ಗೆ ಹೋಗಿ ‘ಯೂಸ್ ಡಿವೈಸ್ ಮ್ಯಾಕ್’ ಆರಿಸಿ. ಐಫೋನ್‌ನಲ್ಲಿ ‘ಪ್ರೈವೇಟ್ ವೈಫೈ ಅಡ್ರೆಸ್’ ಆಫ್ ಮಾಡಿ. ನನ್ನ ಅಭಿಪ್ರಾಯ ಕೇಳಿದರೆ ಮ್ಯಾಕ್ ಫಿಲ್ಟರ್ ತೆಗೆದುಹಾಕಿ, 12 ಅಕ್ಷರಕ್ಕೂ ಉದ್ದದ ಪಾಸ್‌ವರ್ಡ್ ಇಡುವುದು ಒಳ್ಳೆಯದು.

ಐಪಿ ವಿಳಾಸಕ್ಕಾಗಿ ಸುತ್ತುತ್ತಲೇ ಇದೆ

ರೂಟರ್ ಬಳಿ ಹಂಚಲು ಇಷ್ಟೇ ವಿಳಾಸ ಎಂದು ಒಂದು ಪಟ್ಟಿ ಇರುತ್ತದೆ. ಉದಾಹರಣೆಗೆ 192.168.1.100ರಿಂದ 192.168.1.120ರವರೆಗೆ ಎಂದು ಇಟ್ಟಿದ್ದರೆ 21 ಉಪಕರಣಕ್ಕೆ ಮುಗಿಯಿತು. ಒಮ್ಮೆ ಕೊಟ್ಟ ವಿಳಾಸವನ್ನು ಎಷ್ಟೋ ರೂಟರ್‌ಗಳು 24 ಗಂಟೆ ಕಾಯ್ದಿರಿಸುತ್ತವೆ. ಅಂಗಡಿ, ಪಿಜಿ, ಟ್ಯೂಷನ್ ಸೆಂಟರ್‌ಗಳಲ್ಲಿ ಬೆಳಗ್ಗೆ ಬಂದು ಹೋದವರ ಫೋನುಗಳೇ ಪಟ್ಟಿಯನ್ನು ತುಂಬಿಬಿಟ್ಟಿರುತ್ತವೆ, ಸಂಜೆ ಬಂದವರಿಗೆ ಸುತ್ತುವುದೊಂದೇ. ರೂಟರ್ ಪುಟದಲ್ಲಿ ವಿಳಾಸ ಹಂಚುವ ಕೆಲಸದ ಡಿಎಚ್‌ಸಿಪಿ ವಿಭಾಗದಲ್ಲಿ ಪಟ್ಟಿಯನ್ನು 192.168.1.20ರಿಂದ 192.168.1.250ರವರೆಗೆ ಹಿಗ್ಗಿಸಿ, ವಿಳಾಸ ಕಾಯ್ದಿರಿಸುವ ಅವಧಿಯಾದ ‘ಲೀಸ್ ಟೈಂ’ 2 ಗಂಟೆಗೆ ಇಳಿಸಿ.

ಮನೆಗಳಲ್ಲಿ ಬಹಳ ಸಲ ಸಿಗುವುದು ಬೇರೆಯೇ ತೊಂದರೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಫೈಬರ್ ಬಂದ ಮೇಲೆ ಹಳೆಯ ರೂಟರನ್ನು ಎಸೆಯದೆ, ಮಹಡಿಗೋ ಹಿತ್ತಲ ಕೋಣೆಗೋ ಬಳಸೋಣ ಎಂದು ಹೊಸದರಿಂದ ಒಂದು ಲ್ಯಾನ್ ಕೇಬಲ್ ಎಳೆದು ಅದಕ್ಕೆ ಚುಚ್ಚುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಎರಡೂ ರೂಟರ್ 192.168.1.1 ತಮ್ಮದೇ ಎನ್ನುತ್ತವೆ, ಎರಡೂ ವಿಳಾಸ ಹಂಚಲು ನಿಲ್ಲುತ್ತವೆ. ಒಂದು ಫೋನಿಗೆ ಹೊಸ ರೂಟರ್ ವಿಳಾಸ ಕೊಡುತ್ತದೆ, ಅದಕ್ಕೆ ನೆಟ್ ಬರುತ್ತದೆ. ಪಕ್ಕದ ಫೋನಿಗೆ ಹಳೆಯದು ಕೊಡುತ್ತದೆ, ಅದಕ್ಕೆ ನೆಟ್ ಇಲ್ಲ. ನಾಳೆ ಅದೇ ಅದಲುಬದಲು. ಜನ ಫೋನನ್ನು ಬೈಯುತ್ತಾರೆ.

ಪರಿಹಾರ ಹೀಗೆ. ಕೇಬಲ್ ಬಿಚ್ಚಿ, ಹಳೆಯ ರೂಟರ್ ಒಂದನ್ನೇ ಆನ್ ಮಾಡಿ ಅದರ ಪುಟಕ್ಕೆ ಹೋಗಿ. ಮೊದಲು ಅದರ ಲ್ಯಾನ್ ಐಪಿಯನ್ನು 192.168.1.2 ಮಾಡಿ ಸೇವ್ ಕೊಡಿ. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ. ಈ ಅನುಕ್ರಮ ತಪ್ಪಿದರೆ ಪುಟ ಮತ್ತೆ ತೆರೆಯಲು ಒದ್ದಾಡಬೇಕಾಗುತ್ತದೆ. ಆಮೇಲೆ ಕೇಬಲನ್ನು ಹೊಸದರ ಲ್ಯಾನ್ ಪೋರ್ಟ್‌ನಿಂದ ಹಳೆಯದರ ಲ್ಯಾನ್ ಪೋರ್ಟ್‌ಗೇ ಹಾಕಿ. ಹೊರಗಿನ ಇಂಟರ್‌ನೆಟ್ ತಂತಿಗೆಂದು ಇರುವ, ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಬಿಡಿ. ಹೊಸ ರೂಟರ್‌ನ ಐಪಿ 192.168.0.1 ಅಥವಾ ಬೇರೇನಾದರೂ ಆಗಿದ್ದರೆ ಹಳೆಯದಕ್ಕೂ ಅದೇ ಸಾಲಿನ, ಹಂಚುವ ಪಟ್ಟಿಯಲ್ಲಿಲ್ಲದ ಸಂಖ್ಯೆ ಕೊಡಬೇಕು. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಮಹಡಿ ಹತ್ತಿದಾಗ ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ.

ಫೋನಿನ ವೈಫೈ ವಿವರದಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ರೂಟರ್ ಏನನ್ನೂ ಕೊಡಲಿಲ್ಲ, ಫೋನ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಕನೆಕ್ಟ್ ಆಗಿದೆ, ನೆಟ್ ಇಲ್ಲ

ಮೊದಲು ರೂಟರ್ ದೀಪ ನೋಡಿ. ‘ಎಲ್‌ಒಎಸ್’ ಎಂಬುದು ಕೆಂಪಗೆ ಮಿಣುಕುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ತಂತಿ ಎಲ್ಲೋ ತುಂಡಾಗಿರುತ್ತದೆ ಅಥವಾ ಮೂಲೆಯಲ್ಲಿ ಕಡ್ಡಿಯಂತೆ ಮಡಿಸಿಕೊಂಡಿರುತ್ತದೆ. ಅದು ಫೋನಿನ ವಿಷಯವೇ ಅಲ್ಲ, ಕೇಬಲ್‌ನವರಿಗೆ ಹೇಳಿ. ಹಸಿರು ತುದಿಯ ಕನೆಕ್ಟರನ್ನು ಕಿತ್ತು ಬಾಯಲ್ಲಿ ಊದುವುದು ಬೇಡ. ಉಗುಳಿನ ತೇವ ಅಂಟಿದರೆ ಬೆಳಕು ಇನ್ನಷ್ಟು ಕುಗ್ಗುತ್ತದೆ. ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದಂತೂ ಬೇಡವೇ ಬೇಡ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಲೇಸರ್.

ದೀಪ ಸರಿಯಿದ್ದರೆ ಫೋನಿನ ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಖಾಲಿಯಾಗಿ ಸಿಮ್ ಇಲ್ಲದೆ ಎದ್ದ ಫೋನ್ ಯಾವುದೋ ಹಳೆಯ ವರ್ಷದಲ್ಲಿ ನಿಂತಿರಬಹುದು. ತಾರೀಖು ತಪ್ಪಿದ್ದರೆ ಸೈಟುಗಳ ಭದ್ರತಾ ಪ್ರಮಾಣಪತ್ರ ಒಪ್ಪಿಗೆಯಾಗದೆ ಏನೂ ತೆರೆಯುವುದಿಲ್ಲ. ಆಮೇಲೆ ‘ಪ್ರೈವೇಟ್ ಡಿಎನ್‌ಎಸ್’; ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರನ್ನು ಆರಿಸುವ ಸೆಟ್ಟಿಂಗ್ ಅದು. ಜಾಹೀರಾತು ನಿಲ್ಲಿಸಲು ಯಾರೋ ಹೇಳಿದ ವಿಳಾಸವನ್ನು ಅಲ್ಲಿ ತುಂಬಿ ಮರೆತಿರುತ್ತಾರೆ. ಆ ಸರ್ವರ್ ಸಿಗದ ದಿನ ವೈಫೈ, ಡೇಟಾ ಎರಡೂ ಸತ್ತಂತೆ. ಅದನ್ನು ‘ಆಟೋಮ್ಯಾಟಿಕ್’ಗೆ ತನ್ನಿ. ವಿಪಿಎನ್ ಆ್ಯಪ್ ಇದ್ದರೆ ಆಫ್ ಮಾಡಿ.

ತುಮಕೂರು ರೈಲು ನಿಲ್ದಾಣದಂಥ ಕಡೆ ಸಿಗುವ ಸಾರ್ವಜನಿಕ ವೈಫೈನಲ್ಲಿ ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕುವ ಪುಟ ತಾನಾಗಿ ತೆರೆಯಬೇಕು. ತೆರೆಯದಿದ್ದರೆ ಬ್ರೌಸರ್‌ನಲ್ಲಿ ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ ಹೊಡೆಯಿರಿ. ಅದು ಎನ್‌ಕ್ರಿಪ್ಷನ್ ಇಲ್ಲದ ಪುಟ, ಹಾಗಾಗಿ ನಿಲ್ದಾಣದ ವೈಫೈ ಅದನ್ನು ತಡೆದು ತನ್ನ ಪುಟ ತೋರಿಸಬಲ್ಲದು. ಒಟಿಪಿ ಬರುವವರೆಗೆ ಮೊಬೈಲ್ ಸಿಗ್ನಲ್ ಇರಬೇಕು. ಏರೋಪ್ಲೇನ್ ಮೋಡ್‌ನಲ್ಲಿ ಕೂತು ಕಾಯಬೇಡಿ.

ಕರೆಂಟ್ ಹೋಗಿ ಬಂದ ಮೇಲೆ ಶುರುವಾದ ತೊಂದರೆ

ಬೆಸ್ಕಾಂ ಲೈನಿನಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಫೋನುಗಳೂ ಆಗಾಗ ಕಳಚಿಕೊಳ್ಳುತ್ತಿದ್ದರೆ ರೂಟರ್‌ಗಿಂತ ಮೊದಲು ಅದರ ಅಡಾಪ್ಟರ್ ಮೇಲೆ ಅನುಮಾನ ಪಡಿ. ಹೆಚ್ಚಿನವು 12 ವೋಲ್ಟ್. ಕರೆಂಟ್ 1, 1.5 ಅಥವಾ 2 ಆಂಪಿಯರ್. ಸೊರಗಿದ ಅಡಾಪ್ಟರ್ ದೀಪಗಳನ್ನು ಉರಿಸುತ್ತದೆ, ಆದರೆ ನಾಲ್ಕು ಫೋನ್ ಒಟ್ಟಿಗೆ ವಿಡಿಯೊ ಹಾಕಿದಾಗ ರೂಟರ್‌ನ ವೈಫೈ ರೇಡಿಯೊ ಭಾಗಕ್ಕೆ ಬೇಕಾದಷ್ಟು ಶಕ್ತಿ ಕೊಡಲಾರದೆ ವೋಲ್ಟೇಜ್ ಬೀಳುತ್ತದೆ. ವೈಫೈ ಮಾಯವಾಗಿ ಮತ್ತೆ ಬರುತ್ತದೆ. ಮಲ್ಟಿಮೀಟರ್‌ನಲ್ಲಿ ರೂಟರ್‌ಗೆ ಚುಚ್ಚದೆ ಅಳೆದರೆ 12 ತೋರಿಸಿ ಮೋಸ ಮಾಡೀತು. ಅದಕ್ಕೇ ಬೇರೆ ಒಳ್ಳೆಯ ಅಡಾಪ್ಟರ್ ಹಾಕಿ ಒಂದು ದಿನ ನೋಡುವುದೇ ನಂಬಿಕೆಯ ಪರೀಕ್ಷೆ. ಬದಲಿ ಕೊಳ್ಳುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಪಿನ್ ಗಾತ್ರ ಮತ್ತು ಒಳಗಿನ ಪ್ಲಸ್-ಮೈನಸ್ ಗುರುತು ತಾಳೆಯಾಗಬೇಕು. 12 ವೋಲ್ಟ್ 2 ಆಂಪಿಯರ್‌ನ ರೂಟರ್ ಯುಪಿಎಸ್ ಒಂದನ್ನು ನಡುವೆ ಹಾಕಿದರೆ ಪದೇಪದೇ ಆರಿ ಹೊತ್ತುವ ಕಾಟ ತಪ್ಪುತ್ತದೆ. ಈ ಖರ್ಚು ಸಾರ್ಥಕ.

ನೆಟ್‌ವರ್ಕ್ ರೀಸೆಟ್, ಆಮೇಲೆ ಹಾರ್ಡ್‌ವೇರ್

ಇಷ್ಟಾದರೂ ಒಂದೇ ಫೋನ್ ಹಟ ಹಿಡಿದರೆ ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ‘ಜನರಲ್ ಮ್ಯಾನೇಜ್‌ಮೆಂಟ್’ ಒಳಗಿನ ‘ರೀಸೆಟ್’, ಐಫೋನ್‌ನಲ್ಲಿ ‘ಜನರಲ್’ ಒಳಗಿನ ‘ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್’, ಉಳಿದವುಗಳಲ್ಲಿ ಸೆಟ್ಟಿಂಗ್ಸ್ ಹುಡುಕು ಪಟ್ಟಿಯಲ್ಲಿ ‘ರೀಸೆಟ್’ ಎಂದು ಹೊಡೆದರೆ ಸಿಗುತ್ತದೆ. ಫೋಟೊ, ಮೆಸೇಜ್ ಹೋಗುವುದಿಲ್ಲ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಣೆಗಳು ಹೋಗುತ್ತವೆ. ಬೇಕಾದ ವೈಫೈಗಳ ಪಾಸ್‌ವರ್ಡ್ ಮೊದಲೇ ಬರೆದಿಟ್ಟುಕೊಳ್ಳಿ. ಫ್ಯಾಕ್ಟರಿ ರೀಸೆಟ್‌ಗೆ ಮಾತ್ರ ಅವಸರ ಬೇಡ.

ಹಾರ್ಡ್‌ವೇರ್ ಕೆಟ್ಟಿದ್ದರ ಗುರುತುಗಳು ಬೇರೆ. ವೈಫೈ ಗುಂಡಿ ಬೂದು ಬಣ್ಣಕ್ಕೆ ತಿರುಗಿರುತ್ತದೆ ಅಥವಾ ಆನ್ ಮಾಡಿದರೆ ತಾನೇ ಆಫ್ ಆಗುತ್ತದೆ. ‘ಅಬೌಟ್ ಫೋನ್’ನಲ್ಲಿ ವೈಫೈ ಮ್ಯಾಕ್ ಜಾಗದಲ್ಲಿ 02:00:00:00:00:00 ಅಥವಾ ‘ಅನ್‌ಅವೈಲಬಲ್’ ಇರುತ್ತದೆ. ಬಹಳಷ್ಟು ಫೋನ್‌ಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ಚಿಪ್‌ನಲ್ಲಿರುವುದರಿಂದ ಬ್ಲೂಟೂತ್ ಕೂಡ ಎದ್ದಿರುವುದಿಲ್ಲ. ಈ ಮೂರೂ ಕೂಡಿದರೆ ಐಸಿ ಅಥವಾ ಅದಕ್ಕೆ ಕರೆಂಟ್ ಕೊಡುವ ದಾರಿ ಕೆಟ್ಟಿದೆ ಎನ್ನಬಹುದು. ಹೇರ್‌ ಡ್ರೈಯರ್‌ನಲ್ಲಿ ಬಿಸಿ ಮಾಡುವುದು, ಫ್ರಿಜ್‌ನಲ್ಲಿ ಇಡುವುದು ಎಂಬ ವಿಡಿಯೊಗಳನ್ನು ನಂಬಬೇಡಿ. ಬಿಸಿಗೆ ಬಿರುಕು ಬಿಟ್ಟ ಬೆಸುಗೆ ಒಂದೆರಡು ದಿನ ಕೂಡಿಕೊಂಡೀತು, ಆಮೇಲೆ ಬಿಡುತ್ತದೆ; ಅಷ್ಟರಲ್ಲಿ ಬ್ಯಾಟರಿಗೆ ಅಪಾಯ.

ಗುಂಡಿ ಚೆನ್ನಾಗಿ ಕೆಲಸ ಮಾಡಿ, ರೂಟರ್‌ಗೆ ಒಂದು ಮೀಟರ್ ಹತ್ತಿರ ಹೋದಾಗ ಮಾತ್ರ ಹೆಸರು ಕಂಡರೆ ಐಸಿ ಸರಿಯಿದೆ, ಆಂಟೆನಾ ಕಳಚಿದೆ. ಡಿಸ್‌ಪ್ಲೇ ಅಥವಾ ಬ್ಯಾಟರಿ ಹಾಕಿಸಿದ ಮಾರನೆಯ ದಿನದಿಂದ ಶುರುವಾದ ತೊಂದರೆ ಹೆಚ್ಚಾಗಿ ಇದೇ. ಬೋರ್ಡಿನ ಅಂಚಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ, ಚಿನ್ನದ ಬಣ್ಣದ ಸ್ಪ್ರಿಂಗ್ ಎಲೆಗಳಿರುತ್ತವೆ. ಹಿಂಬದಿ ಮುಚ್ಚಿದಾಗ ಅವು ಫ್ರೇಮಿನ ಆಂಟೆನಾ ಪಟ್ಟಿಗೆ ಒತ್ತಿಕೊಳ್ಳಬೇಕು. ಬಿಚ್ಚುವಾಗ ಒಂದು ಎಲೆ ಚಪ್ಪಟೆಯಾದರೆ, ಒಂದು ಸ್ಕ್ರೂ ಹಾಕದೆ ಬಿಟ್ಟರೆ, ಸಿಗ್ನಲ್ 30-40 ಡಿಬಿ ಕುಸಿಯಬಹುದು. ರೇಷ್ಮೆ ಮನೆಯಲ್ಲಿ ಚಾರ್ಜಿಗೆ ಹಾಕಿಡುವ ಫೋನುಗಳಿಗೂ ಇದೇ ಕಾಯಿಲೆ ಬೇಗ ಬರುತ್ತದೆ. ಚಾಕಿ ಹುಳುವಿಗೆ (ಎಳೆಯ ರೇಷ್ಮೆಹುಳುವಿಗೆ) ಬೇಕಾದ ತೇವಾಂಶ ಶೇ 85ರ ಆಸುಪಾಸು, ಜೊತೆಗೆ ಸೋಂಕು ನಿವಾರಣೆಗೆ ಹೊಡೆದ ಬ್ಲೀಚಿಂಗ್ ಪೌಡರ್‌ನ ಕ್ಲೋರಿನ್; ಎರಡೂ ಸೇರಿ ಆ ಎಲೆಗಳಿಗೆ ಹಸಿರು ಕಿಲುಬು ಹಿಡಿಸುತ್ತವೆ. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೃದು ಬ್ರಶ್ ಅದ್ದಿ ಒರೆಸಿ, ಎಲೆಯನ್ನು ಚಿಮುಟದಿಂದ ಕೂದಲೆಳೆಯಷ್ಟು ಮೇಲಕ್ಕೆತ್ತಿದರೆ ಸಾಕು. ಬ್ಲೇಡಿನಲ್ಲಿ ಕೆರೆದರೆ ಮೇಲಿನ ಚಿನ್ನದ ಲೇಪ ಹೋಗಿ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ.

ರಿಪೇರಿ ಮಾಡಿಸಿದ ಮೇಲೆ ಹಣ ಕೊಡುವ ಮೊದಲು ಅಂಗಡಿಯ ವೈಫೈಗೆ ಸೇರಿಸಿ, ಹಿಂಬದಿ ಮುಚ್ಚಿ ಸ್ಕ್ರೂ ಬಿಗಿದ ಸ್ಥಿತಿಯಲ್ಲಿ ಡಿಬಿಎಂ ನೋಡಿ. ಹತ್ತು ಹೆಜ್ಜೆ ಬೀದಿಗೆ ನಡೆದು ಮತ್ತೆ ನೋಡಿ, ಅಂಗಡಿಯವರ ಫೋನನ್ನೂ ಪಕ್ಕದಲ್ಲೇ ಹಿಡಿದು ಹೋಲಿಸಿ. ಎರಡರ ನಡುವೆ ಏಳೆಂಟು ಡಿಬಿ ವ್ಯತ್ಯಾಸ ಸಹಜ. ಇಪ್ಪತ್ತು ಬಂದರೆ ಅಲ್ಲೇ ಮತ್ತೆ ಬಿಚ್ಚಿಸಿ.